ಸಮಿತಿಯ ಆರನೇ ಹೆಸರು

"ಲೇ ಹನುಮಿ, ಕಣ್ಣೇನು ನೆತ್ತಿ ಮ್ಯಾಲೈತೇನೆ? ಸಹಿ ಇಲ್ಲಿ ಕಣೇ, ಗೆರೆ ಮ್ಯಾಲೆ. ತಿಂದು ತಿಂದು ಕೊಬ್ಬಿದೀಯ, ಒಂದು ಹೆಸ್ರು ಬರಿಯಾಕೆ ಇಷ್ಟೊತ್ತಾ?"

ಪ್ರಿನ್ಸಿಪಾಲರು ಬೈಯುವಾಗ ಮಾತ್ರ ನಮ್ಮ ಭಾಷೆಗೆ ಇಳಿಯುತ್ತಾರೆ. ಕಡೂರಿನ ಈ ಕಾಲೇಜಿನಲ್ಲಿ ನಾನು ಹನ್ನೆರಡು ವರ್ಷದಿಂದ ಕಸ ಗುಡಿಸುತ್ತೇನೆ, ಕಕ್ಕಸು ತೊಳೆಯುತ್ತೇನೆ, ಟೀ ಕೊಡುತ್ತೇನೆ. ಗುತ್ತಿಗೆ ಕೆಲಸ. ಪ್ರತಿ ಮಾರ್ಚಿಗೆ ಅವರು ಬರೆದು ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದರ ಜೊತೆಗೆ ನಾನು ಲೈಂಗಿಕ ದೌರ್ಜನ್ಯ ತಡೆಯುವ ಸಮಿತಿಯ ಮೆಂಬರ್ ಕೂಡ. ಪಾಠ ಮಾಡದ ಸಿಬ್ಬಂದಿಯೂ ಇರಬೇಕೆಂದು ರೂಲ್ಸ್ ಇದೆಯಂತೆ. ನನ್ನಷ್ಟು ಪಾಠ ಮಾಡದವರು ಅವರಿಗೆ ಇನ್ಯಾರೂ ಸಿಗಲಿಲ್ಲ. ಸಭೆ ಒಮ್ಮೆಯೂ ಸೇರಿಲ್ಲ. ವರದಿ ಪುಸ್ತಕ ಮಾತ್ರ ಬರುತ್ತದೆ, ನಾನು ಬಕೆಟ್ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡು ಸಹಿ ಹಾಕುತ್ತೇನೆ.

ಅವತ್ತು ಓದಿದೆ. ಏಳನೇ ಕ್ಲಾಸಿನವರೆಗೆ ಕಲಿತವಳು ನಾನು, ಅದನ್ನು ಯಾರೂ ಕೇಳಿಲ್ಲ. "ಈ ವರ್ಷ ಯಾವುದೇ ದೂರು ಬಂದಿಲ್ಲ" ಎಂದಿತ್ತು.

"ದೀಪಶ್ರೀ ಕೊಟ್ಟಿದ್ಲಲ್ಲ ಸಾ."

"ಯಾವ ದೀಪಶ್ರೀನೇ?"

ಚೌಳಹಿರಿಯೂರಿನಿಂದ ಬಸ್ಸಿಗೆ ಬರುವ ಹುಡುಗಿ, ಎರಡನೇ ಬಿ.ಎ. ತಿಂಗಳ ಹಿಂದೆ ಓಂಕಾರಮೂರ್ತಿ ಮೇಷ್ಟ್ರು ಇಂಟರ್ನಲ್ ಮಾರ್ಕ್ಸ್ ತೋರಿಸುತ್ತೇನೆಂದು ಅವಳನ್ನು ರೂಮಿಗೆ ಕರೆದು ಬಾಗಿಲು ಹಾಕಿಕೊಂಡರು. ನಾನು ಹೊರಗೆ ನೆಲ ಒರೆಸುತ್ತಿದ್ದೆ. "ಬಿಡಿ ಸಾರ್" ಅಂತ ಕೇಳಿಸಿತು. ಒರೆಸುವ ಕೋಲಿನಿಂದ ಬಾಗಿಲು ಬಡಿದೆ, ತೆಗೆಯುವವರೆಗೂ ಬಡಿದೆ. ಅವಳು ವೇಲು ಎದೆಗೆ ಅವುಚಿಕೊಂಡು ಓಡಿದಳು. ಮೇಷ್ಟ್ರು ಕೆಳಗೆ ನೋಡಿ, "ಇಲ್ಲಿ ಸರಿಯಾಗಿ ಒರೆಸಿಲ್ಲ" ಅಂದರು.

ಹುಡುಗಿ ಅರ್ಜಿ ಕೊಟ್ಟಳು. ಪ್ರಿನ್ಸಿಪಾಲರು ಹರಿದು ಬುಟ್ಟಿಗೆ ಹಾಕಿದರು. ಬುಟ್ಟಿ ಖಾಲಿ ಮಾಡಿದವಳು ನಾನೇ. "ಏನೂ ಆಗ್ಲಿಲ್ಲ ಅಂದ್ರೆ ಓದು ಬಿಟ್ಬಿಡ್ತೀನಿ ಕಣಕ್ಕ" ಅಂತ ದೀಪಶ್ರೀ ನನ್ನ ಹತ್ತಿರ ಅಂದಿದ್ದಳು.

"ಮಾರ್ಚು ಹತ್ರ ಬಂತು ಕಣೇ ಹನುಮಿ" ಅಂದರು ಪ್ರಿನ್ಸಿಪಾಲರು, ಪುಸ್ತಕ ನನ್ನ ಮುಂದೆ ತಳ್ಳುತ್ತಾ. ಸಹಿ ಹಾಕಿದೆ. ರಾತ್ರಿ ಅನ್ನ ಸೇರಲಿಲ್ಲ.

ಮಾರನೇ ದಿನ ವಿಶ್ವವಿದ್ಯಾಲಯದಿಂದ ನೂರೈನ್ ಮೇಡಂ ಬಂದರು. ಕಾಲೇಜುಗಳಲ್ಲಿ ಹುಡುಗಿಯರ ಮೇಲೆ ಏನೇನು ದೌರ್ಜನ್ಯ ನಡೆಯುತ್ತದೆ, ತಡೆಯುವುದು ಹೇಗೆ ಅಂತ ಸಂಶೋಧನೆ ಮಾಡುತ್ತಾರಂತೆ. ಸಮಿತಿಯವರನ್ನೆಲ್ಲ ಕರೆಯಿರಿ ಅಂದರು. ಮೊದಲ ಸಲ ಸಮಿತಿ ಸೇರಿತು. ಓಂಕಾರಮೂರ್ತಿಯೂ ಅದರಲ್ಲಿದ್ದಾರೆ. ನನ್ನನ್ನು ಟೀ ತರಲು ಕಳಿಸಿದರು.

"ಒಂದೂ ದೂರಿಲ್ಲ ಮೇಡಂ. ನಮ್ಮದು ಒಂದು ಮನೆ ಇದ್ದ ಹಾಗೆ" ಎನ್ನುತ್ತಿದ್ದರು ಪ್ರಿನ್ಸಿಪಾಲರು.

ಮೇಡಂ ಪಟ್ಟಿ ನೋಡಿ ಹೆಸರು ಕರೆದರು. ಐದು ಜನ ಕೈ ಎತ್ತಿದರು.

"ಆರನೆಯವರು, ಶ್ರೀಮತಿ ಹನುಮಕ್ಕ?"

"ರಜೆಯಲ್ಲಿದ್ದಾರೆ. ಹುಷಾರಿಲ್ಲ, ಪಾಪ."

ಹಾಗೆಂದ ಪ್ರಿನ್ಸಿಪಾಲರ ಮುಂದೆಯೇ ನಾನು ಲೋಟ ಇಡುತ್ತಿದ್ದೆ.

"ನಾನೇ ಕಣ್ರವ್ವಾ ಹನುಮಕ್ಕ" ಅಂದೆ. "ಹುಷಾರಾಗೇ ಇದೀನಿ."

ಪ್ರಿನ್ಸಿಪಾಲರು ನಕ್ಕರು. "ತಮಾಷೆ ಸಾಕು, ಬಿಸ್ಕತ್ತು ತಗಂಬಾ ಹೋಗು."

ಹೋಗಲಿಲ್ಲ. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು.

"ನಿನ್ನೆ ಆ ಬುಕ್ಕಿನಾಗೆ ಸುಳ್ಳಿಗೆ ಸಹಿ ಹಾಕಿದೀನಿ. ಒಂದು ಹುಡ್ಗಿ ಅರ್ಜಿ ಕೊಟ್ಟಿದ್ಲು, ಇವ್ರು ಹರಿದಾಕಿದ್ರು. ಅವಳ ಹೆಸ್ರು ಅವಳನ್ನ ಕೇಳ್ದೆ ಹೇಳಾಕಿಲ್ಲ. ಮಾಡ್ದೋನ ಹೆಸ್ರು ಬರ್ಕಳಿ, ಓಂಕಾರಮೂರ್ತಿ. ಅಗೋ, ನಾನ್ ಕೊಟ್ಟ ಟೀ ಕುಡೀತಾವ್ನೆ."

ಓಂಕಾರಮೂರ್ತಿ ಲೋಟ ಕೆಳಗಿಟ್ಟರು. ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ನಾಳೆಯಿಂದ ಈ ಕಡೆ ಕಾಲಿಟ್ಟೀಯ ಬೋಸುಡಿ!" ಪ್ರಿನ್ಸಿಪಾಲರು ಮೇಜು ಗುದ್ದಿದರು.

"ನಾಳೆ ತಾನೇ ಸಾ?" ಟ್ರೇ ಅವರ ಕೈಗೆ ಕೊಟ್ಟು, ಗೋಡೆ ಪಕ್ಕದ ಖಾಲಿ ಕುರ್ಚಿ ಎಳೆದುಕೊಂಡು ಕೂತೆ. "ಇವತ್ತಿನ್ನೂ ನಾನು ಮೆಂಬ್ರು. ಮುಂದಿನ ಪ್ರಶ್ನೆ ಕೇಳಿ ಮೇಡಂ."