ಸೋತವರ ಜೈಕಾರ

ನನ್ನ ಗಂಡ ಆಲ್ಡನ್‌ಗೆ ಕಾಲಲ್ಲಿ ಚಕ್ರವಿದೆ. ಭಾನುವಾರ ಬಂತೆಂದರೆ ಮ್ಯಾಸಚೂಸೆಟ್ಸ್‌ನ ಯಾವುದೋ ಕೊಟ್ಟಿಗೆಯಲ್ಲೋ ಸತ್ತವರ ಸಾಮಾನು ಮಾರುವ ಅಂಗಳದಲ್ಲೋ ಬೇಸ್‌ಬಾಲ್ ಚೆಂಡು ಹುಡುಕುತ್ತಿರುತ್ತಾನೆ. ಈಗಿನವಲ್ಲ, ಆಟ ಹುಟ್ಟಿದ ಕಾಲದವು. ಒಂದೇ ತುಂಡು ಚರ್ಮವನ್ನು ಹಣ್ಣಿನ ಸಿಪ್ಪೆಯಂತೆ ಸುತ್ತಿ ಹೊಲಿದಂಥವು. ಕಪಾಟಿನ ತುಂಬ ಅವೇ. ಧೂಳು ಒರೆಸುವವಳು ನಾನು.

ಆದರೆ ಅವನಿಗೆ ನಿಜವಾಗಿ ಬೇಕಾದದ್ದು ಒಂದೇ. ಅಂತರ್ಯುದ್ಧ ಮುಗಿದ ಮರುವರ್ಷ, ೧೮೬೬ರಲ್ಲಿ, ನಮ್ಮೂರು ಹ್ಯಾಡ್ಲಿಫೋರ್ಡ್ ಪಕ್ಕದೂರು ಕ್ವಿಲ್ಬಿಯನ್ನು ಸೋಲಿಸಿದ ಆಟದ ಚೆಂಡು. ಅವನ ಮುತ್ತಜ್ಜ ಜೋಸಾಯ ಅಂದು ನಮ್ಮ ನಾಯಕ. ಆಗೆಲ್ಲ ಕಪ್, ಪದಕ ಇರಲಿಲ್ಲ. ಸೋತ ನಾಯಕ ಚೆಂಡನ್ನು ಗೆದ್ದವರ ಕೈಗಿಟ್ಟು, ಟೋಪಿ ತೆಗೆದು, ಮೂರು ಸಲ ಜೈಕಾರ ಹಾಕಬೇಕು. ಗೆದ್ದವರು ಅದಕ್ಕೆ ಬಣ್ಣ ಬಳಿದು, ಅಂಕ ಬರೆದು ಇಟ್ಟುಕೊಳ್ಳುವರು. ಹಾಗಾಗಿ ಆಲ್ಡನ್ ನಮ್ಮೂರಿನ ಒಂದು ಅಟ್ಟವನ್ನೂ ಬಿಟ್ಟಿಲ್ಲ. ಕ್ವಿಲ್ಬಿ ಕಡೆ ಮಾತ್ರ ತಲೆ ಹಾಕಿಯೂ ಮಲಗಿರಲಿಲ್ಲ.

ಕಳೆದ ತಿಂಗಳು ಅಲ್ಲಿಂದಲೇ ಫೋನ್ ಬಂತು. ಆಲಿವ್ ಟಟ್ಲ್ ಎಂಬ ಮುದುಕಿ ಮನೆ ಖಾಲಿ ಮಾಡುತ್ತಿದ್ದಳು. ನಾವು ಹೋದಾಗ ಅಡುಗೆಮನೆಯ ಮೇಜಿನ ಮೇಲೆ ಬಂಗಾರದ ಬಣ್ಣದ ಚೆಂಡೊಂದನ್ನು ಇಟ್ಟಳು. ಅದರ ಮೇಲೆ ಬರೆದಿತ್ತು: ಕ್ವಿಲ್ಬಿ ೨೧, ಹ್ಯಾಡ್ಲಿಫೋರ್ಡ್ ೨೦.

“ಗೆದ್ದಿದ್ದು ನಾವು,” ಎಂದ ಆಲ್ಡನ್. “ನಮ್ಮಪ್ಪ ಪ್ರತೀ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೂ ಹೇಳ್ತಿದ್ದ.”

“ಗೆದ್ದಿದ್ರೆ ಚೆಂಡು ನಮ್ಮನೇಲಿ ಯಾಕಿರುತ್ತೆ ಮಗಾ?” ಮುದುಕಿ ಕಾಫಿ ಬಗ್ಗಿಸಿದಳು. “ನಿಮ್ ಜೋಸಾಯ ಸಿಟ್ಟಲ್ಲಿ ಇದನ್ನ ಹುಲ್ಲಿಗೆಸೆದು ಹೋದನಂತೆ. ಕೈಗೆ ಕೊಡ್ಲಿಲ್ಲ, ಜೈಕಾರಾನೂ ಹಾಕ್ಲಿಲ್ಲ. ಕ್ವಿಲ್ಬಿ ನಾಯಕನಾಗಿದ್ದ ನಮ್ ತಾತನಿಗೆ ಸಾಯೋವರೆಗೂ ಅದೇ ಕೊರಗು.”

“ಎಷ್ಟಕ್ಕೆ ಕೊಡ್ತೀರಿ?”

“ದುಡ್ಡು ಬೇಡ. ನನ್ ಹಿಂದೆ ಯಾರೂ ಇಲ್ಲ. ಆ ಜೈಕಾರ ಹಾಕು, ತಗೊಂಡು ಹೋಗು.”

ಆಲ್ಡನ್ ಎದ್ದ, ಕೂತ, ಮತ್ತೆ ಎದ್ದು ಹೊರಗೇ ಹೋಗಿಬಿಟ್ಟ. ಕಾರಿನ ಸುತ್ತ ಗಾಣದೆತ್ತಿನಂತೆ ತಿರುಗತೊಡಗಿದ. ನನಗೆ ಮೈಯೆಲ್ಲ ಉರಿದು ಅವನ ಹಿಂದೆಯೇ ಹೋದೆ.

“ಮೂರು ಸಲ ಕೂಗಿದ್ರೆ ನಿನ್ ಗಂಟೇನು ಹೋಗುತ್ತೆ? ಜೀವಮಾನವೆಲ್ಲ ಹುಡುಕಿದ್ದು ಅಲ್ಲೇ ಮೇಜಿನ ಮೇಲಿದೆ.”

“ಕೂಗಿದ್ರೆ ಅಪ್ಪ ಸುಳ್ಳುಗಾರ ಆಗ್ತಾನೆ, ವೆರಾ.”

“ಕೂಗದಿದ್ರೂ ಸೋತಿದ್ದು ಸೋತಿದ್ದೇ.”

ಅವನು ಟೈರಿಗೊಮ್ಮೆ ಒದ್ದು ಒಳಗೆ ಬಂದ. ಟೋಪಿ ತೆಗೆದ. “ಕ್ವಿಲ್ಬಿಗೆ ಜೈ” ಎಂದದ್ದು ಮೊದಲ ಸಲ ಅವನಿಗೇ ಕೇಳಿಸಿರಲಿಕ್ಕಿಲ್ಲ. ಎರಡನೆಯದಕ್ಕೆ ಬೆಕ್ಕು ಎದ್ದು ಓಡಿತು. ಮೂರನೆಯದಕ್ಕೆ ಅವನ ದನಿ ಒಡೆಯಿತು, ನನಗೂ ಅಳು ಬಂತು.

“ಸಾಕು, ತಗೋ,” ಎಂದು ಮುದುಕಿ ಚೆಂಡನ್ನು ಮುಂದೆ ತಳ್ಳಿದಳು.

ಆಲ್ಡನ್ ಎತ್ತಿಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದ. ಆಮೇಲೆ ಅದನ್ನು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದ.

“ಏನಯ್ಯಾ ಇದು?” ಎಂದಳು ಮುದುಕಿ.

“ಸೋತೋರು ಚೆಂಡು ತಗೊಂಡು ಹೋಗಲ್ಲ, ಮಿಸೆಸ್ ಟಟ್ಲ್,” ಎಂದ ಆಲ್ಡನ್. “ಕೊಟ್ಟು ಹೋಗ್ತಾರೆ.”