ಹೇಳಿ ಮುಟ್ಟುವವರ ಮನೆ

"ಅಮ್ಮ, ಎಡಗೈ ಎತ್ತುತೀನಿ," ಎಂದು ಹೇಳಿ ಮಗಳು ಅಂಗಿಯ ತೋಳು ತೊಡಿಸಿದಳು. "ಈಗ ತಲೆ. ನಿಧಾನಕ್ಕೆ ಎತ್ತುತೀನಿ, ಆಯ್ತಾ?"

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡಳು. "ಪಾಪ, ಅಮ್ಮ ಹೋದ್ಲು ಅಂತ ಹುಡುಗಿಗೆ ಇನ್ನೂ ನಂಬೋಕೇ ಆಗ್ತಿಲ್ಲ."

"ನಂಬಿದೀನಿ ಆಂಟಿ. ನಮ್ಮನೇಲಿ ಹೇಳ್ದೆ ಯಾರನ್ನೂ ಮುಟ್ಟಲ್ಲ, ಅಷ್ಟೇ."

ಅದು ಆ ಮನೆಯ ಕಾನೂನು. ಸತ್ತಾಕೆ ದರ್ಜಿ, ಬೀದಿಯ ಅರ್ಧ ಜನರ ಮೈಮೇಲಿನ ಬಟ್ಟೆ ಅವಳ ಹೊಲಿಗೆ. "ಈಗ ಭುಜ ಮುಟ್ತೀನಿ, ಈಗ ಸೊಂಟ," ಎಂದು ಹೇಳಿಯೇ ಟೇಪು ಹಿಡಿಯುತ್ತಿದ್ದಳು. ಹಾಗಂತ ಅಲ್ಲಿ ಸದಾ ಮೂತಿ ಊದಿಸಿಕೊಂಡಿರುತ್ತಿದ್ದರು ಅಂದುಕೊಳ್ಳಬೇಡಿ. ಗಂಡ ಬಸ್ ಡ್ರೈವರ್. ಮದುವೆಯಾದ ಹೊಸತರಲ್ಲಿ ಹಿಂದಿನಿಂದ ಬಂದು ಭುಜಕ್ಕೆ ಕೈಯಿಟ್ಟಾಗ ಅವಳು ಕೈಲಿದ್ದ ಕತ್ತರಿಯನ್ನೇ ಅವನತ್ತ ತಿರುಗಿಸಿದ್ದಳು. ಆಮೇಲೆ ತಾನೇ ಹೆದರಿ ದಿನವಿಡೀ ಮಾತು ಬಿಟ್ಟಿದ್ದಳು. ಅಂದಿನಿಂದ ಅವನು ಬಾಯಲ್ಲೇ 'ಪೋಂ' ಎಂದು ಹಾರ್ನ್ ಹೊಡೆದು ಹತ್ತಿರ ಬರತೊಡಗಿದ. ಎಷ್ಟೋ ವರ್ಷದ ಮೇಲೆ ಅವಳೂ ನಗಲು ಕಲಿತಳು. "ಬನ್ನಿ ಬನ್ನಿ, ದಾರಿ ಖಾಲಿ ಇದೆ," ಅನ್ನುತ್ತಿದ್ದಳು.

ಅಷ್ಟರಲ್ಲಿ ಸತ್ತಾಕೆಯ ಅಣ್ಣ ಬಂದ. ಈ ಮನೆಯ ಹೊಸ್ತಿಲು ತುಳಿದದ್ದು ಇದೇ ಮೊದಲು.

"ಹೆಗಲು ಕೊಡೋದಕ್ಕೆ ಬಂದೆ. ಅಷ್ಟಾದ್ರೂ ಬಿಡ್ತೀರಾ?"

ಡ್ರೈವರ್ ಮಗಳತ್ತ ನೋಡಿದ. ಮಗಳೇ ಹೇಳಿದಳು, "ಬನ್ನಿ ಮಾವ. ಆದರೆ ಹೇಳಿ ಮುಟ್ಟಿ."

"ಸತ್ತವರಿಗೆ ಕೇಳ್ಸುತ್ತೇನಮ್ಮ?"

"ಬದುಕಿದ್ದಾಗ ಅಮ್ಮ ಹೇಳಿದ್ದು ನಿಮಗೆ ಕೇಳಿಸ್ತಾ?"

*

ತಾಯಿ ಸತ್ತ ವರ್ಷ ತಂಗಿಯನ್ನು ಮಕ್ಕಳ ನಿಲಯಕ್ಕೆ ಸೇರಿಸಿದ್ದು ಈ ಅಣ್ಣನೇ. ರಜೆಗೆ ಬಂದ ಹುಡುಗಿ ಅಡುಗೆಮನೆಯಲ್ಲಿ ನಿಂತು ಎಲ್ಲ ಹೇಳಿದ್ದಳು. ಮೇಲ್ವಿಚಾರಕ ಮಕ್ಕಳನ್ನು ಎಬ್ಬಿಸಿ ಅತಿಥಿಗಳ ಕೋಣೆಗೆ ಕಳಿಸುತ್ತಾನೆ. ಕಾವಲುಗಾರನಿಗೂ ಗೊತ್ತು, ಡಾಕ್ಟರಿಗೂ ಗೊತ್ತು, ಎಲ್ಲ ಸೇರಿಯೇ ಮಾಡುತ್ತಾರೆ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

"ಉಂಡ ಮನೆ ಜಂತೆ ಎಣಿಸಬಾರದು," ಅಂದಿದ್ದ ಅಣ್ಣ. ಮರುದಿನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಅಲ್ಲೇ ಬಿಟ್ಟುಬಂದ.

ದೊಡ್ಡವಳಾದ ಮೇಲೆ ಅವಳೂ ಅಲ್ಲಿನ ಗೆಳತಿಯರೂ ಕೋರ್ಟಿನಲ್ಲಿ ನಿಂತು ಹೇಳಿದರು. ನಿಲಯಕ್ಕೆ ಬೀಗ ಬಿತ್ತು. ಅಂದೂ ಅಣ್ಣ ಬರಲಿಲ್ಲ. "ಆ ನಿಲಯದವರೆಲ್ಲ ನನ್ನ ಕನಸಿಂದ ಹೋದರು," ಎಂದು ಒಮ್ಮೆ ಮಗಳ ಹತ್ತಿರ ಹೇಳಿದ್ದಳು. "ಅಣ್ಣ ಮಾತ್ರ ಹೋಗ್ತಿಲ್ಲ ನೋಡು. ಏನಾಯ್ತು ಅಂತ ಒಂದು ಸಲ ಕೇಳಿದ್ರೆ ಸಾಕಿತ್ತು."

*

ಗಾಡಿ ಬಂತು. ದೇಹ ಎತ್ತಲು ಬೀದಿಯವರು ಒಳಗೆ ಬಂದರು. "ಅಕ್ಕ, ಕಾಲ ಕಡೆ ನಾನು ಹಿಡೀತೀನಿ," ಎಂದ ಇಸ್ತ್ರಿಯವನು, ಯಾರೂ ಹೇಳಿಕೊಡದೆಯೇ. ಅವನ ಅಳತೆಯನ್ನೂ ಅವಳೇ ತೆಗೆದವಳು.

"ಒಂದು ನಿಮಿಷ," ಎಂದು ಅಣ್ಣ ಮುಂದೆ ಬಂದು ಬಾಗಿದ. "ಪುಟ್ಟಿ, ನಾನು, ಅಣ್ಣ. ಕೈ ಹಿಡೀಲಾ?"

ಅವನ ಕೈ ಅವಳ ಕೈಯ ಮೇಲೆ, ತಾಗದೆ, ಹಾಗೇ ನಿಂತಿತು. ಅವನು ನಿಜವಾಗಿಯೂ ಉತ್ತರಕ್ಕೆ ಕಾದ. ಕೋಣೆಯಲ್ಲಿ ಯಾರೂ ಅವಸರ ಮಾಡಲಿಲ್ಲ. ಹೊರಗೆ ಗಾಡಿಯ ಎಂಜಿನ್ ಆಫ್ ಆದ ಸದ್ದು ಕೇಳಿಸಿತು.

ಆಮೇಲೆ ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೊರುವವರಿಗೆ ದಾರಿ ಬಿಟ್ಟು, ಗೋಡೆಗೆ ಸರಿದು ನಿಂತ.