ಹರಿಯಬ್ಬೆಯ ಮಗಳು

ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದವು. ಹಿರಿಯೂರಿನ ನರ್ಸ್ ಸುಗುಣಮ್ಮ ಗಂಡನನ್ನು ಮಣ್ಣು ಮಾಡಿ ತಿಂಗಳೂ ತುಂಬಿರಲಿಲ್ಲ. ಆಗ ಹತ್ತಿರದ ಹರಿಯಬ್ಬೆ ಹಳ್ಳಿಯಲ್ಲಿ ಕಾಲರಾ ಹಬ್ಬಿತು. ಅಲ್ಲಿಗೆ ಹೋಗಲು ಎಲ್ಲರೂ ಹಿಂಜರಿದಾಗ ಅವಳು ತಾನಾಗಿಯೇ ಹೊರಟಳು.

ಕುರಿ ಸಾಕುವ ಜುಂಜಮ್ಮನ ಮನೆಯಲ್ಲೇ ಉಳಿದಳು. ಜುಂಜಮ್ಮನ ಬಾಣಂತಿ ಮಗಳಿಗೂ ಕಾಯಿಲೆ ಅಂಟಿತ್ತು. ಸುಗುಣಮ್ಮ ನೀರು ಕಾಯಿಸಿ ಕುಡಿಸಿದಳು, ವಾಂತಿ ಬಳಿದು ತೆಗೆದಳು, ಮನೆಮನೆಗೂ ಔಷಧಿ ಕೊಟ್ಟಳು. ದಿನಾ ಬೆಳಗ್ಗೆ ಪ್ರಾರ್ಥನೆ ಮಾಡಿ, ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು.

"ಗಂಡನ್ನ ಕಳ್ಕಂಡು ಹೆಂಗವ್ವ ಹಾಡ್ತೀಯ?" ಎಂದು ಜುಂಜಮ್ಮ ಕೇಳಿದಳು.

"ಅಳೂ ಬರ್ತೈತೆ ಜುಂಜಕ್ಕ. ಆದ್ರೆ ನಮ್ಮ ಯೇಸುಸ್ವಾಮಿ ಸಾವನ್ನೇ ಗೆದ್ದೋನು. ನಮ್ಮ ಯಜಮಾನ್ರು ಅವನ ಹತ್ರ ಅವ್ರೆ ಅಂತ ನೆನೆಸ್ಕಂಡ್ರೆ ಖುಷಿ ಆಗ್ತೈತೆ."

ಕಾಯಿಲೆ ಇಳಿಯಿತು. ಬಾಣಂತಿ ಎದ್ದು ಕೂತು ಮಗುವಿಗೆ ಹಾಲೂಡಿಸಿದಳು.

ಆ ವರ್ಷದ ಕ್ರಿಸ್‌ಮಸ್‌ಗೆ ಹರಿಯಬ್ಬೆಯವರು ಗಾಡಿ ಕಟ್ಟಿಕೊಂಡು ಹಿರಿಯೂರಿನ ಚರ್ಚಿಗೆ ಬಂದರು. ಜುಂಜಮ್ಮ ತಾನೇ ನೂತ ಉಣ್ಣೆಯ ಕರಿಕಂಬಳಿಯನ್ನು ಸುಗುಣಮ್ಮನಿಗೆ ಹೊದಿಸಿ, ಪಾದ್ರಿಗಳ ಕಡೆ ತಿರುಗಿದಳು.

"ಕೇಳ್ರಿ ಅಯ್ನೋರೆ, ಇವಳು ನಿಮ್ಮ ಚರ್ಚಿನೋಳು ಇರಬೌದು. ಇವತ್ತಿಂದ ನಮ್ಮೂರ ಮಗಳು!"

ಸುಗುಣಮ್ಮ ಕಂಬಳಿ ಹೊದ್ದೇ ತಲೆಯೆತ್ತಿ ಮುಂದಿನ ಸಾಲಿಗೆ ನಡೆದು, ತನ್ನ ಊರಿನವರನ್ನೆಲ್ಲ ಪಕ್ಕದಲ್ಲಿ ಕೂರಿಸಿಕೊಂಡಳು.